ಮಂಕಿ ದುರ್ಗಪ್ಪನ ಕಿವಿ

ಮಂಕಿ ಊರಿನ ದುರ್ಗಪ್ಪ ಮೇಸ್ತ್ರಿಗೆ ಕಿವಿ ಮಂದವಾಗಿ ಎರಡು ವರ್ಷವಾಗಿತ್ತು. ಅದು ಗೊತ್ತಿದ್ದುದು ಹೆಂಡತಿ ತಿಮ್ಮಿಯೊಬ್ಬಳಿಗೇ. ಹೊನ್ನಾವರದಿಂದ ಭಟ್ಕಳದ ತನಕ ಲಾರಿ, ಟೆಂಪೋದವರೆಲ್ಲ ಅವನ ಗ್ಯಾರೇಜು ಹುಡುಕಿಕೊಂಡು ಬರುತ್ತಿದ್ದುದೇ ಆ ಕಿವಿಯ ಹೆಸರಿನ ಮೇಲೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ, ರೋಗ ಇಂಥಲ್ಲೇ ಅಂತ ಬೆರಳಿಟ್ಟು ತೋರಿಸುವ ಮನುಷ್ಯ! ಈಗ ಗಿರಾಕಿಯ ಬಾಯಿ ನೋಡಿ ಮಾತು ತಿಳಿದುಕೊಂಡು, ಇಂಜಿನಿಗೆ ಅಂಗೈ ತಾಗಿಸಿ ಅಂದಾಜು ಮಾಡುತ್ತಿದ್ದ. ಸುದ್ದಿ ಹೊರಬಿದ್ದರೆ ಗ್ಯಾರೇಜಿನ ಬಾಗಿಲು ಹಾಕುವುದೇ ಸೈ.

೨೦೦೩ರ ಡಿಸೆಂಬರಿನ ಒಂದು ಬೆಳಿಗ್ಗೆ ಎರಡು ಗಾಡಿ ಬಂದು ನಿಂತವು. ಅಬ್ಬಾ, ಗಾಡಿಯೆಂದರೆ ಗಾಡಿ! ಒಂದು ಅಮೆರಿಕದ ಮಸ್ಟಾಂಗ್: ಕೆಂಪು, ಎರಡೇ ಬಾಗಿಲು, ಉದ್ದ ಮೂತಿ, ನೆಲಕ್ಕೆ ಅಂಟಿದಷ್ಟು ತಗ್ಗು. ಇನ್ನೊಂದು ಆಸ್ಟ್ರೇಲಿಯಾದ ಫಾಲ್ಕನ್: ಹಳದಿ, ನಾಲ್ಕು ಬಾಗಿಲು, ಮನೆಮಂದಿಯನ್ನೆಲ್ಲ ಕೂರಿಸಬಹುದಾದ ಚೌಕ ಮೈ. ಎರಡೂ ಎಪ್ಪತ್ತೊಂದನೇ ಇಸವಿಯವು. ದುರ್ಗಪ್ಪ ಕೈಯೊರೆಸಿಕೊಳ್ಳುವುದನ್ನೂ ಮರೆತು ನಿಂತ. ಜನ್ಮದಲ್ಲಿ ಇಂಥದ್ದನ್ನು ಕಂಡಿರಲಿಲ್ಲ.

ಮಸ್ಟಾಂಗ್ ಮುಂಬೈಯಲ್ಲಿ ವ್ಯಾಪಾರ ಮಾಡುವ ಕತಗಾಲದ ತ್ರ್ಯಂಬಕನದು, ಫಾಲ್ಕನ್ ಅವನ ಗೆಳೆಯ ಸಂದೇಶನದು. ಯಾವುದು ಮೇಲು ಅಂತ ಮುಂಬೈಯಿಂದ ಜಗಳಾಡುತ್ತಲೇ ಬಂದಿದ್ದರು. ಕುಮಟೆ ದಾಟಿದ ಮೇಲೆ ಫಾಲ್ಕನ್ನಿನಲ್ಲಿ ಟಕಟಕ ಸದ್ದು ಶುರುವಾಗಿತ್ತು.

"ಸದ್ದು ಎಲ್ಲಿಂದ ಅಂತ ನೀವೇ ಹೇಳ್ಬೇಕು ಮೇಸ್ತ್ರಿ. ಹಾಂಗೇ ಯಾವ್ದು ಮೇಲು ಅಂತ್ಲೂ ತೀರ್ಮಾನ ಆಗ್ಲಿ," ಎಂದ ತ್ರ್ಯಂಬಕ. ಎರಡೂ ಇಂಜಿನ್ ಚಾಲೂ ಆದವು. ಸುತ್ತ ಜನ ಸೇರಿದರು.

ದುರ್ಗಪ್ಪ ಫಾಲ್ಕನ್ನಿನ ಬಾನೆಟ್ ಎತ್ತಿದ. ಸ್ಕ್ರೂಡ್ರೈವರ್ ಕಿವಿಗೆ ಒತ್ತಿದರೆ ಏನೂ ಇಲ್ಲ. ಅಂಗೈ ಇಟ್ಟರೆ ಗಾಡಿಗೆ ಗಾಡಿಯೇ ನಡುಗುತ್ತಿದೆ, ಎಲ್ಲಿ ಅಂತ ಹುಡುಕುವುದು? ಇವತ್ತಿಗೆ ಮಾನ ಹೋಯಿತು ಅಂದುಕೊಂಡ. ಎರಡೂ ಕೈಯೂರಿ ಇನ್ನಷ್ಟು ಒಳಗೆ ಬಗ್ಗುವುದಕ್ಕೆ ಸ್ಕ್ರೂಡ್ರೈವರಿನ ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿದ. ತುದಿ ಇಂಜಿನಿಗೆ ತಾಗಿತು.

ತಲೆಯೊಳಗೆ ಗುಡುಗಿತು.

ಎರಡು ವರ್ಷದ ಮೇಲೆ! ಎಂಟು ಸಿಲಿಂಡರ್, ಒಂದೊಂದೂ ಬೇರೆ ಬೇರೆಯಾಗಿ, ಹಲ್ಲಿನಿಂದ ತಲೆಬುರುಡೆಗೆ ಏರಿ ಬಂದವು. ದುರ್ಗಪ್ಪನ ಕಣ್ಣಲ್ಲಿ ದಳದಳ ನೀರು. ಆ ಗುಡುಗಿನ ನಡುವೆಯೇ ಎಡಬದಿಯ ಟಕಟಕ ಸಿಕ್ಕಿತು. ಹೊಗೆ ಕೊಳವೆಯ ನಟ್ಟು ಹೆದ್ದಾರಿಯ ಹೊಂಡಗಳಿಗೆ ಸಡಿಲಾಗಿತ್ತು. ಬಿಗಿದ. ಸದ್ದು ನಿಂತಿತು.

ಅಷ್ಟಕ್ಕೆ ಬಿಡಲಿಲ್ಲ. ಮಸ್ಟಾಂಗಿನ ಹತ್ತಿರ ಓಡಿ ಅದಕ್ಕೂ ಹಲ್ಲು ಕೊಟ್ಟ. ಮತ್ತೆ ಫಾಲ್ಕನ್, ಮತ್ತೆ ಮಸ್ಟಾಂಗ್. ಜನ ನಗತೊಡಗಿದರು.

"ಎಂತಾ ಜಗಳ ಮಾರಾಯ್ರೇ ನಿಮ್ದು?" ಎಂದ ಕಡೆಗೆ. "ದೇಶ ಬೇರೆ, ಮೈ ಬೇರೆ. ಒಳಗಿನ ಇಂಜಿನ್ ಒಂದೇ!"

ತ್ರ್ಯಂಬಕ ಬೆಕ್ಕಸ ಬೆರಗಾದ. "ಹೌದು, ಒಂದೇ. ಅದು ನಮಗೆ ಪುಸ್ತಕ ಓದಿ ಗೊತ್ತು. ನಿಮ್ಮ ಕಿವಿಗೆ ಕೈ ಮುಗೀಬೇಕು!"

ಅಲ್ಲಿಗೆ ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಆ ಗುಡುಗು ಕೇಳಿದ ಬಾಯಲ್ಲಿ ಸುಳ್ಳು ಹೊರಡಲಿಲ್ಲ.

"ಎಲ್ಲಿಯ ಕಿವಿ! ಕಿವಿ ಹೋಗಿ ಎರಡು ವರ್ಷ ಆತು," ಎಂದು ಊರಿಗೇ ಕೇಳುವಂತೆ ಕೂಗಿದ. "ತಿಮ್ಮೀ, ಬಾರೇ ಇಲ್ಲಿ, ನಂಗೆ ಕೇಳ್ತದ್ಯೇ!"

ಬಾಗಿಲಲ್ಲಿದ್ದ ತಿಮ್ಮಿ ಸೆರಗನ್ನು ಬಾಯಿಗೊತ್ತಿಕೊಂಡಳು. ಮೀನು ಲಾರಿಯ ಸುಬ್ಬ ಗುಂಪಿನಿಂದ ಹೊರಬಂದು ತನ್ನ ಲಾರಿಯ ಬಾನೆಟ್ ಎತ್ತಿ ನಿಲ್ಲಿಸಿದ. ದುರ್ಗಪ್ಪನಿಗೆ ಕಾಣುವಂತೆ ಬಾಯಿ ಅಗಲಿಸಿ ಹೇಳಿದ:

"ದುರ್ಗಪ್ಪಣ್ಣ, ನನ್ನ ಗಾಡೀನೂ ಒಂಚೂರು ಕಚ್ಚಿ ನೋಡು."