ಬಕೆಟ್ಟಿನಲ್ಲಿ ಕಾವಿಗೆ ಕೂತ ಕೋಳಿ

ಜೇಸಿಬಿ ಮಣ್ಣು ತೆಗೆಯುವುದನ್ನು ನೋಡಲು ಜನ ಯಾಕೆ ಹಾಗೆ ಮುಗಿಬೀಳುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಗುಂಡಿ ತೋಡುವವನು, ದೊಂಬರಾಟ ಆಡುವವನಲ್ಲ. ಕೊಪ್ಪಳದ ಕಡೆಯಿಂದ ಬಂದು ಯಲಹಂಕದಲ್ಲಿ ರೂಮು ಮಾಡಿಕೊಂಡು ಏಳೆಂಟು ವರ್ಷವಾಯಿತು. ಸುತ್ತಲಿನ ಹಳ್ಳಿಗಳ ಪಾಯಿಖಾನೆ ಗುಂಡಿಗಳಲ್ಲಿ ಅರ್ಧದಷ್ಟು ಈ ಶಿವಪುತ್ರ ತೋಡಿದವೇ. ಇದನ್ನು ಜಂಬ ಅಂದುಕೊಳ್ಳುವುದಾದರೆ ಅಂದುಕೊಳ್ಳಿ, ಜಂಬವೇ ಅದು. ಆದರೆ ದೊಡ್ಡಬೇಲಿಹಳ್ಳಿಯಲ್ಲಿ ಜನ ಗುಂಪು ಕಟ್ಟಿಕೊಂಡು ಬಂದದ್ದು ನನ್ನ ಕೈಚಳಕ ನೋಡಲು ಅಲ್ಲ, ಒಂದು ಕೋಳಿಯನ್ನು ನೋಡಲು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ದೊಡ್ಡಬೇಲಿಹಳ್ಳಿ ರಾಜಾನುಕುಂಟೆಯಿಂದ ಒಳಕ್ಕಿದೆ. ಪಂಚಾಯ್ತಿಯಿಂದ ಊರಿಗೆಲ್ಲ ಶೌಚಾಲಯ ಮಂಜೂರಾಗಿತ್ತು. ಮನೆಗೆ ಎರಡು ಗುಂಡಿ, ಗುಂಡಿಗೆ ಸಿಮೆಂಟ್ ರಿಂಗು. ಮೊದಲ ಸರದಿ ಪಟಾಲಮ್ಮನದು. ಮೂರು ವರ್ಷ ಪಂಚಾಯ್ತಿ ಬಾಗಿಲು ಸವೆಸಿದ್ದಳು ಆಕೆ. ಒಬ್ಬಳೇ ಮಗಳು ಚೈತ್ರ, ವಿದ್ಯಾರಣ್ಯಪುರಕ್ಕೆ ಕೊಟ್ಟಿದೆ, ಈಗ ಚೊಚ್ಚಲ ಬಸುರಿ. ಬಾಣಂತನಕ್ಕೆ ತವರಿಗೆ ಬರಬೇಕು. ಅವಳು ಫೋನಿನಲ್ಲೇ ಖಡಾಖಂಡಿತ ಹೇಳಿಬಿಟ್ಟಿದ್ದಳು, ಪಾಯಿಖಾನೆ ಆದರೆ ಬರುತ್ತೇನೆ, ಇಲ್ಲದಿದ್ದರೆ ಅತ್ತೆ ಮನೆಯಲ್ಲೇ ಇರುತ್ತೇನೆ ಎಂದು. ಚೊಚ್ಚಲ ಬಾಣಂತನ ಅತ್ತೆ ಮನೆಯಲ್ಲಾದರೆ ಪಟಾಲಮ್ಮ ಊರಲ್ಲಿ ತಲೆ ಎತ್ತಿಕೊಂಡು ತಿರುಗುವ ಹಾಗಿರಲಿಲ್ಲ.

ನಾನು ಗಾಡಿ ತಂದು ಆಕೆಯ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದ ದಿನ ರಿಂಗುಗಳು ಬಂದಿರಲಿಲ್ಲ. ವಿಚಾರಿಸಿದರೆ ನಾಳೆ ಬರುತ್ತವೆ ಎಂದರು. ಮುಂದಿನ ಬಕೆಟ್ಟನ್ನು ನೆಲಕ್ಕೆ ಇಳಿಸಿ, ಕೀ ಕಿತ್ತುಕೊಂಡು ರೂಮಿಗೆ ಹೋದೆ. ಆ ನಾಳೆ ಬಂದದ್ದು ಐದನೆಯ ದಿನ. ಬೆಳಿಗ್ಗೆ ಹೋಗಿ ನೋಡುತ್ತೇನೆ, ಬಕೆಟ್ಟಿನ ತುಂಬ ರಾಗಿ ಹುಲ್ಲು, ಹುಲ್ಲಿನ ಮೇಲೆ ಒಂದು ಕೆಂಪು ನಾಟಿ ಕೋಳಿ, ಅದರ ಹೊಟ್ಟೆಯ ಕೆಳಗೆ ಹನ್ನೊಂದು ಮೊಟ್ಟೆ!

ಸರ್ಕಾರದ ಕೆಲಸ ದೇವರ ಕೆಲಸ ಎಂದು ದೊಡ್ಡದಾಗಿ ಬರೆಸಿದವರು ದೇವರು ಯಾವಾಗ ಬರುತ್ತಾನೆ ಎಂಬುದನ್ನು ಬರೆಸಲಿಲ್ಲ. ಪಟಾಲಮ್ಮ ತನ್ನ ಅನುಭವದ ಮೇಲೆ ಲೆಕ್ಕ ಹಾಕಿದ್ದಳು.

"ನಾಳೆ ಅಂದ್ರೆ ಒಂದ್ ತಿಂಗ್ಳಾದ್ರೂ ಆಯ್ತದೆ ಅನ್ಕಂಡೆ ಕಣಪ್ಪ," ಎಂದಳು. "ಮೂರ್ ವರ್ಸದಿಂದ ಅಂಗೇ ಅಲ್ವಾ? ಮೂರ್ ಕಡೆ ಕಬ್ಣ ಐತೆ, ಮುಂದ್ಕೆ ಒಂದ್ ಮಂಕ್ರಿ ಅಡ್ಡ ಇಟ್ರೆ ಬೆಕ್ಕು ನುಗ್ಗಕಿಲ್ಲ. ಅದ್ಕೇ ಕಾವಿಗೆ ಇಟ್ಟೆ."

ಕೋಳಿಯನ್ನು ಎತ್ತಿ ಬೇರೆ ಕಡೆ ಇಡಿ ಎಂದೆ. ಇಟ್ಟಳು. ಮೊಟ್ಟೆಗಳನ್ನು ಮಂಕರಿಗೆ ಹಾಕಿ, ಕೋಳಿಯನ್ನೂ ಅದರೊಳಗೆ ಕೂರಿಸಿದಳು. ಕೋಳಿ ಎದ್ದು ನೇರ ಬಕೆಟ್ಟಿಗೆ ಬಂದು ಬರಿಯ ಕಬ್ಬಿಣದ ಮೇಲೆ ಕೂತಿತು. ಎರಡನೆಯ ಸಲ ನಾನೇ ಎತ್ತಲು ಹೋದೆ, ಮಣಿಕಟ್ಟಿಗೆ ಕುಕ್ಕಿತು. ಕೊನೆಗೆ ಹುಲ್ಲು, ಮೊಟ್ಟೆ ಎಲ್ಲವೂ ಮತ್ತೆ ಬಕೆಟ್ಟಿಗೇ ಬಂದವು.

ಇತ್ತ ರಿಂಗು ಇಳಿಸಿದ್ದಾರೆ, ಮರುದಿನ ನನ್ನ ಗಾಡಿ ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನ ಪಾಯಕ್ಕೆ ಹೋಗಬೇಕು. ಗುಂಡಿ ಇವತ್ತು ತೋಡದಿದ್ದರೆ ಮತ್ತೆ ಯಾವ ಕಾಲಕ್ಕೋ. ಗುಂಡಿ ಇಲ್ಲದಿದ್ದರೆ ಮಗಳು ಬರುವುದಿಲ್ಲ. ಹಾಗೆಂದು ಕೋಳಿಯನ್ನು ಎಬ್ಬಿಸಿ ಕಾವು ಕೆಡಿಸಿದರೆ ಆ ಶಾಪ ಬಸುರಿಗೆ ತಟ್ಟುತ್ತದೆ ಎಂಬುದು ಪಟಾಲಮ್ಮನ ಹೆದರಿಕೆ. ಅತ್ತ ದರಿ, ಇತ್ತ ಪುಲಿ. ಪಂಚಾಯ್ತಿಯವರಿಗೆಲ್ಲ ನೀರು ಕುಡಿಸಿದ ಹೆಂಗಸು ಜಗಲಿ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಸಿಟ್ಟು ಜರ್ರನೆ ಇಳಿಯಿತು. ಹೋದ ವರ್ಷ ನಾನೇ ಊರಿಗೆ ಹೋಗಿ ಗುಂಡಿ ತೋಡಿಕೊಡುವ ತನಕ ನಮ್ಮವ್ವನೂ ಕತ್ತಲಿರುವಾಗಲೇ ಚಂಬು ಹಿಡಿದು ಹೊರಡುತ್ತಿದ್ದಳು.

"ಅಳಬ್ಯಾಡ್ರಿ ಯವ್ವಾ," ಎಂದೆ. "ಕೋಳಿ ಕುಂತಲ್ಲೇ ಕುಂದರ್ಲಿ. ನಾ ಹಿಂದಿನ ಕೈಲೆ ತೋಡತೀನಿ."

ಜೇಸಿಬಿಗೆ ಎರಡು ಕೈ. ಮುಂದಿನ ಅಗಲವಾದ ಬಕೆಟ್ಟು ಮಣ್ಣು ತಳ್ಳುವುದಕ್ಕೆ, ಹಿಂದಿನ ಉದ್ದನೆಯ ಕೈ ತೋಡುವುದಕ್ಕೆ. ತೋಡಲು ಹಿಂದಿನದೊಂದೇ ಸಾಕು. ಆದರೆ ಗಾಡಿ ಬೇವಿನ ಮರದಿಂದ ಹಿತ್ತಿಲಿಗೆ ಹೋಗಬೇಕಾದರೆ ಮುಂದಿನ ಬಕೆಟ್ಟು ಎತ್ತಲೇಬೇಕು. ಅದರ ಬಾಯಿ ತುಸು ಮೇಲಾದರೆ ಮೊಟ್ಟೆಗಳು ಹಿಂದಕ್ಕೆ ಉರುಳುತ್ತವೆ, ತುಸು ಕೆಳಗಾದರೆ ಕೋಳಿಯೇ ಮುಂದಕ್ಕೆ ಉರುಳುತ್ತದೆ. ಒಂದು ಗೇಣು ಎತ್ತಿದೆ. ಉಸಿರು ಬಿಗಿಹಿಡಿದು ಗಾಡಿಯನ್ನು ಇರುವೆಯೂ ಹಿಂದೆ ಹಾಕುವಷ್ಟು ನಿಧಾನವಾಗಿ ಬಿಟ್ಟೆ. ಪಟಾಲಮ್ಮ ಎರಡೂ ಕೈ ಚಾಚಿಕೊಂಡು ಮುಂದೆ ಹಿಮ್ಮುಖವಾಗಿ ನಡೆದಳು. ಮನೆಮನೆಯಿಂದ ಜನ ಹೊರಗೆ ಬಂದರು. ಯಾರೋ ಒಬ್ಬರು ಹಾರನ್ ಹೊಡೆಯಬೇಡ ಎಂದು ನನಗೇ ಬುದ್ಧಿ ಹೇಳಿದರು. ಕೋಳಿ ಮಾತ್ರ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕ ಹೆಂಗಸಿನಂತೆ ಆ ಕಡೆ ಈ ಕಡೆ ನೋಡುತ್ತ ಕೂತಿತ್ತು.

ಮೊದಲ ಗುಂಡಿ ಅಚ್ಚುಕಟ್ಟಾಗಿ ಬಂತು. ಅದನ್ನು ಯಾರೂ ನೋಡಲಿಲ್ಲ. ಟೀ ಕುಡಿಯೋಣ ಎಂದು ಎಂಜಿನ್ ಆರಿಸಿದೆ. ಕೋಳಿ ಎದ್ದು ನಿಂತು ಕೊಕ್ಕೊಕ್ಕೋ ಎಂದು ರಂಪ ಮಾಡಿತು. ಮತ್ತೆ ಚಾಲೂ ಮಾಡಿದೆ, ಮೆತ್ತಗೆ ಕೂತುಕೊಂಡಿತು. ನಾಲ್ಕು ದಿನ ಸುಮ್ಮನೆ ಕೂತಿದ್ದ ಪ್ರಾಣಿಗೆ ಒಂದೇ ಗಳಿಗೆಯಲ್ಲಿ ತೊಟ್ಟಿಲ ರುಚಿ ಹತ್ತಿತ್ತು. ಊರವರೆಲ್ಲ ಸೇರಿ ಎಂಜಿನ್ ಆರಿಸಕೂಡದು ಎಂದು ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಟೀಯನ್ನು ಸೀಟಿನಲ್ಲೇ ಗಡಗಡ ನಡುಗುತ್ತ ಕುಡಿದೆ, ಅರ್ಧ ಅಂಗಿಯ ಮೇಲೆ ಚೆಲ್ಲಿತು.

ಅಷ್ಟರಲ್ಲಿ ಗಾಡಿ ಮಾಲೀಕ ಬಾಲರಾಜು ಬಂದರು. ಅವರದು ಪಕ್ಕದೂರಿನ ಹಳೆಯ ಒಕ್ಕಲು ಮನೆತನ. ರಾಗಿ ಹೊಲವೆಲ್ಲ ಲೇಔಟಾದ ಮೇಲೆ ಬಿಲ್ಡರ್ ಆದವರು. ಗರಿಗರಿ ಬಿಳಿ ಅಂಗಿ, ಕಪ್ಪು ಕನ್ನಡಕ. ಗುಂಡಿ ತೋಡದೆ ಸುಮ್ಮನೆ ಗುರುಗುಡುತ್ತ ನಿಂತ ಗಾಡಿಯನ್ನು ಕಂಡು ಅವರ ಮುಖ ಕೆಂಪಾಯಿತು.

"ಡೀಸೆಲ್ ಏನ್ ಬೋರ್‌ವೆಲ್ಲಲ್ಲಿ ಬರುತ್ತೇನಯ್ಯ? ನಾಳೆ ಗಾಡಿ ತಣಿಸಂದ್ರಕ್ಕೆ ಹೋಗ್ಬೇಕು. ಆ ಕೋಳೀನ ಎತ್ತಿ ಆಚೆಗಾಕು."

ನಾನು ಮಣಿಕಟ್ಟಿನ ಗಾಯ ತೋರಿಸಿದೆ. ಪಟಾಲಮ್ಮ ಜಗಲಿಯಿಂದ ಎದ್ದು ಬಂದಳು.

"ಬಾಲರಾಜ, ನೀನು ಉಟ್ಟಾಗ ನಿಮ್ಮವ್ವಂಗೆ ಬಾಣಂತಿ ಸಾರಿಗೆ ಕೋಳಿ ಕೊಟ್ಟೋಳು ಯಾರು? ನಾನು. ಆ ಕೋಳಿ ವಂಸದ್ದೇ ಕಣೋ ಇದು. ಈಗ ನೀನೇ ಎತ್ತಿ ಆಚೆಗಾಕು, ನೋಡ್ತೀನಿ."

ಊರೆಲ್ಲ ನಗೆಯಾಡಿತು. ಬಾಲರಾಜು ಕನ್ನಡಕ ತೆಗೆದು, ತಪ್ಪಿಹೋದ ನೆಂಟರನ್ನು ಗುರುತು ಹಿಡಿಯುವವರ ಹಾಗೆ ಕೋಳಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ತಣಿಸಂದ್ರಕ್ಕೆ ಇನ್ನೊಂದು ಗಾಡಿ ಕಳಿಸುತ್ತೇನೆ, ನೀನು ಮೊದಲು ಈ ಊರು ಮುಗಿಸು ಎಂದರು. ಹೊರಡುವವರನ್ನು ಪಟಾಲಮ್ಮ ಬಿಡಲಿಲ್ಲ. ಮುಂದಿನ ಬಕೆಟ್ಟು ಕೋಳಿಯದಾದ ಮೇಲೆ ರಿಂಗಿನ ಸುತ್ತ ಮಣ್ಣು ಮುಚ್ಚಲು ಆಳು ಬೇಕಲ್ಲ. ಕೈಗೆ ಸನಿಕೆ ಕೊಟ್ಟಳು. ಬಿಳಿ ಅಂಗಿ ಸಂಜೆಯೊಳಗೆ ಕೆಮ್ಮಣ್ಣು ಬಣ್ಣಕ್ಕೆ ತಿರುಗಿತು. ಎಷ್ಟೋ ವರ್ಷಗಳ ಮೇಲೆ ನಾನು ಕೆಲಸವನ್ನು ಖುಷಿಯಿಂದ ಮಾಡಿದ್ದು ಅವತ್ತೇ.

ಹೀಗೆ ಎರಡು ವಾರಕ್ಕೂ ಮೇಲೆ ಆ ಕೋಳಿ ಹಗಲೆಲ್ಲ ನನ್ನ ಗಾಡಿಯಲ್ಲಿ ಊರು ಸುತ್ತಿತು, ಕತ್ತಲಾದ ಮೇಲೆ ಮಾತ್ರ ಎಂಜಿನ್ ಆರಿಸಿದರೂ ತಕರಾರು ಮಾಡುತ್ತಿರಲಿಲ್ಲ. ಬೆಳಿಗ್ಗೆ ನಾವು ಹೊರಟರೆ ಜನ ಕೋಳಿ ಬಂತು ಎನ್ನುತ್ತಿದ್ದರು, ಶಿವಪುತ್ರ ಬಂದ ಎಂದವರು ಒಬ್ಬರೂ ಇಲ್ಲ. ಒಂದು ಮನೆಯಲ್ಲಿ ಅದಕ್ಕೆ ಅಕ್ಕಿ ನುಚ್ಚು, ಇನ್ನೊಂದು ಮನೆಯಲ್ಲಿ ಕಡ್ಲೆಪುರಿ. ನನಗೆ ಬಂದದ್ದು, ಅಯ್ಯೋ ನೀನೂ ಇದ್ದೀಯಲ್ಲ ಎಂಬ ಮಾತು ಮತ್ತು ತಣ್ಣಗಾದ ಟೀ. ಅಷ್ಟರಲ್ಲಿ ಗಾರೆಯವರು ಪಟಾಲಮ್ಮನ ಹಿತ್ತಿಲಲ್ಲಿ ಗೋಡೆ ಎಬ್ಬಿಸಿ, ನೀಲಿ ಬಣ್ಣದ ಬಾಗಿಲು ಕೂರಿಸಿದರು. ಬಾಗಿಲಿಗೆ ಒಳಗೊಂದು ಹೊರಗೊಂದು ಚಿಲಕ. ಆ ಮನೆಯಲ್ಲಿ ನೆಟ್ಟಗೆ ಮುಚ್ಚುವ ಬಾಗಿಲು ಅದೊಂದೇ.

ಊರಿನ ಕೊನೆಯ ಗುಂಡಿ ಮುಗಿಯುವುದಕ್ಕೂ ಮರಿಗಳು ಹೊರಬರುವುದಕ್ಕೂ ಸರಿಹೋಯಿತು. ಒಂದು ಮೊಟ್ಟೆ ಕೊಳೆತಿತ್ತು, ಉಳಿದವೆಲ್ಲ ಮರಿ. ಬಾಲರಾಜು ಫೋನು ಮಾಡಿ ಮಧ್ಯಾಹ್ನದೊಳಗೆ ತಣಿಸಂದ್ರದಲ್ಲಿ ಇರಬೇಕು ಎಂದರು. ಪಟಾಲಮ್ಮ ಕೋಳಿಯನ್ನೂ ಮರಿಗಳನ್ನೂ ಇಳಿಸಿಕೊಂಡಳು. ಈ ಸಲ ಕೋಳಿ ಕುಕ್ಕಲಿಲ್ಲ. ನಾನು ಬಕೆಟ್ಟು ತೊಳೆದೆ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದು ಗಾಡಿ ಹತ್ತಿದೆ.

ಬಕೆಟ್ಟು ಎತ್ತಿ ಅಂಗಳ ದಾಟುವಷ್ಟರಲ್ಲಿ ಎದುರಿಗೆ ಆಟೋ ಬಂದು ನಿಂತಿತು. ಚೈತ್ರ. ಸೋಮವಾರ ಬರಬೇಕಾದವಳು ಶನಿವಾರವೇ ಬಂದಿದ್ದಳು. ವಿದ್ಯಾರಣ್ಯಪುರದಿಂದ ಅಲ್ಲಿಯವರೆಗಿನ ಹಳ್ಳದಿಣ್ಣೆಗಳಲ್ಲಿ ತುಂಬು ಬಸುರಿ ಆಟೋದಲ್ಲಿ ಬಂದರೆ ಮೊದಲು ಏನು ಬೇಕು? ನನಗೆ ನಮಸ್ಕಾರ ಕೂಡ ಹೇಳದೆ, ಹೊಟ್ಟೆ ಹಿಡಿದುಕೊಂಡು ನೇರ ಹಿತ್ತಿಲಿಗೆ ನಡೆದಳು. ನೀಲಿ ಬಾಗಿಲಿನ ಚಿಲಕ ತೆಗೆದಳು. ಒಳಗಿನಿಂದ ಕೆಂಪು ಕೋಳಿ ರೆಕ್ಕೆ ಬಿಚ್ಚಿ ಎದೆಯ ಮಟ್ಟಕ್ಕೆ ಹಾರಿತು. ಚೈತ್ರ ದಢಾರನೆ ಬಾಗಿಲು ಹಾಕಿದಳು. ಒಳಗೆ ಮರಿಗಳ ಚಿಂವ್ ಚಿಂವ್.

ಪಟಾಲಮ್ಮ ಮತ್ತೆ ಲೆಕ್ಕ ಹಾಕಿದ್ದಳು. ಮೇಲೆ ಹದ್ದು ಸುತ್ತುತ್ತಿತ್ತು. ಮಗಳು ಬರುವುದು ಸೋಮವಾರ. ಗಟ್ಟಿ ಬಾಗಿಲು ಇರುವುದು ಅದೊಂದೇ.

"ಅಮ್ಮಾ," ಎಂದಳು ಚೈತ್ರ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಹಲ್ಲು ಕಚ್ಚಿಕೊಂಡು. "ಈಗ್ಲೇ ಹೇಳ್ಬಿಡು. ಒಳಗಿರೋದು ನಾನೋ, ಕೋಳಿನೋ? ಆಟೋ ಇನ್ನೂ ಇಲ್ಲೇ ಇದೆ."

ಪಟಾಲಮ್ಮ ಮಗಳ ಮುಖ ನೋಡಿದಳು. ಆಕಾಶದಲ್ಲಿದ್ದ ಹದ್ದನ್ನು ನೋಡಿದಳು. ಹೆತ್ತ ತಾಯಿ ಯೋಚನೆ ಮಾಡುತ್ತ ನಿಂತಳು, ದೇವರಾಣೆಗೂ ಯೋಚನೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸಿವಪುತ್ರ, ಬಕೀಟು ಇನ್ನೊಂದ್ ಸಲ ಇಳ್ಸಪ್ಪ."

ಇಳಿಸಿದೆ. ಬಾಗಿಲು ತೆರೆದದ್ದೇ ಕೋಳಿ ಯಾರ ಕಡೆಯೂ ನೋಡದೆ ನಡೆದು ಬಂದು ತನ್ನ ಜಾಗದಲ್ಲಿ ಕೂತಿತು. ಹಿಂದೆಯೇ ಮರಿಗಳು ಒಂದೊಂದಾಗಿ ಎಡವುತ್ತ ಬಂದು ರೆಕ್ಕೆಯೊಳಗೆ ಸೇರಿದವು. ಪಟಾಲಮ್ಮ ಮುಂದೆ ಮಂಕರಿ ಅಡ್ಡ ಇಟ್ಟಳು. ಚೈತ್ರ ಒಳಗೆ ಹೋಗಿ ಚಿಲಕ ಹಾಕಿಕೊಂಡ ಸದ್ದು ಕೇಳಿ, ಆಟೋದವನು ಬ್ಯಾಗು ಇಳಿಸಿ ಹೊರಟುಹೋದ.

ನಾನು ಬಾಲರಾಜು ಅವರಿಗೆ ಫೋನು ಹಚ್ಚಿ, ಗಾಡಿ ಇವತ್ತು ಬರುವುದಿಲ್ಲ, ಬಕೆಟ್ಟಿನಲ್ಲಿ ಮತ್ತೆ ಕೋಳಿ ಕೂತಿದೆ ಎಂದು ಹೇಳಿ, ಬೈಗುಳಕ್ಕೆ ಕಾದೆ.

"ಮರಿ ಎಷ್ಟು?" ಎಂದು ಕೇಳಿದರು.