ನಿರ್ಧಾರವಿಲ್ಲದ ಏಳು ತಿಂಗಳು

ಅರುಣಕುಮಾರ ನಿರ್ಧಾರ ಮಾಡುವುದನ್ನು ಬಿಟ್ಟು ಏಳು ತಿಂಗಳಾಗಿತ್ತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮೊದಮೊದಲು ಇದು ನಗೆಯ ಮಾತಾಗಿತ್ತು. ಹೋಟೆಲಿನಲ್ಲಿ ಮಿರ್ಚಿಯೋ ಮಂಡಕ್ಕಿಯೋ ಎಂದು ಕೇಳಿದರೆ, "ನಿನಗ ತಿಳಿದದ್ದು ಕೊಡು" ಎಂದು ಸುಮ್ಮನೆ ಕೂರುತ್ತಿದ್ದ. ಮನೆಯಲ್ಲಿ ಮಾತ್ರ ಆ ನಗೆ ಒಂದೇ ವಾರಕ್ಕೆ ಮುಗಿದುಹೋಯಿತು. ಮಗ್ಗಕ್ಕೆ ಯಾವ ಬಣ್ಣದ ನೂಲು ಏರಿಸಬೇಕು, ಯಾರ ಮದುವೆಗೆ ಯಾರು ಹೋಗಬೇಕು, ಸೋರುವ ತಗಡನ್ನು ಈಗಲೇ ಬದಲಿಸಬೇಕೋ ಮಳೆ ನಿಂತ ಮೇಲೋ, ಎಲ್ಲವನ್ನೂ ಹೆಂಡತಿ ಸುವರ್ಣಾ ಒಬ್ಬಳೇ ಹೇಳಬೇಕಾಯಿತು. ಹೇಳಿದ್ದನ್ನು ಅವನು ಚಾಚೂ ತಪ್ಪದೆ ಮಾಡುತ್ತಿದ್ದ. ಹೀಗಾಗಿ ಅವಳಿಗೆ ಸಿಟ್ಟು ಮಾಡುವುದಕ್ಕೂ ಸರಿಯಾದ ಕಾರಣ ಸಿಗುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಗೌತಮ ಹಿರೇಕೊಪ್ಪ. ಒಂದು ಕಾಲಕ್ಕೆ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಅವರ ಮಾತನ್ನು ಈಗ ಲಕ್ಷಾಂತರ ಜನ ಮೊಬೈಲಿನಲ್ಲಿ ಕೇಳುತ್ತಿದ್ದರು. ಅವರು ವೇದಿಕೆ ಹತ್ತುತ್ತಿರಲಿಲ್ಲ. ಮೊದಲ ಸಾಲಿನ ಕುರ್ಚಿಯಲ್ಲಿ, ಸಭಿಕರಿಗೆ ಬೆನ್ನು ಹಾಕಿ ಕುಳಿತು, ಖಾಲಿ ವೇದಿಕೆಯನ್ನು ನೋಡುತ್ತ ಮಾತಾಡುತ್ತಿದ್ದರು. ಒಮ್ಮೆ ಮಂತ್ರಿಯೊಬ್ಬರು ಭಾಷಣ ಮಾಡುವಾಗ ಹಿರೇಕೊಪ್ಪ ಶೇಂಗಾ ಸುಲಿಯುತ್ತ ಕೂತಿದ್ದರಂತೆ. ಮುಗಿದ ಮೇಲೆ ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು, "ನಿಮ್ಮ ದನಿ ಚಲೋ ಐತ್ರಿ, ಅದಕ್ಕ ಏನರ ಕೆಲಸ ಕೊಡ್ರಿ" ಎಂದಿದ್ದರಂತೆ. ಆದರೆ ತಾವೇ ಮಾತಿಗೆ ಕೂತರೆ ಹಿರೇಕೊಪ್ಪ ಅವರ ದನಿ ನಮ್ಮ ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದಂತಿರುತ್ತಿತ್ತು. ಅದನ್ನು ಸುವರ್ಣಾ ಕೂಡ ಒಪ್ಪುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ಎರಡು ವರ್ಷ ಸರಿಯಾಗಿ ಊಟ ಮಾಡದಿದ್ದ ಗಂಡ, ಆ ದನಿ ಕೇಳುತ್ತ ಕೇಳುತ್ತ ಮತ್ತೆ ಎರಡು ರೊಟ್ಟಿ ಉಣ್ಣತೊಡಗಿದ್ದ. ಆಗ ಅವಳು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದಿದ್ದಳು.

ಆಮೇಲೆ ಒಂದು ದಿನ ಅವರು ಹೇಳಿದರು: "ಒಂದು ವರ್ಷ ಯಾವ ನಿರ್ಧಾರವನ್ನೂ ಮಾಡದೆ ಇದ್ದು ನೋಡಿ. ಜಗತ್ತು ನಿಮ್ಮ ಅಪ್ಪಣೆಗಾಗಿ ಕಾಯುತ್ತಿಲ್ಲ ಎಂಬುದು ತಿಳಿಯುತ್ತದೆ." ಅರುಣಕುಮಾರ ಆ ಮಾತನ್ನು ಮೂರು ಸಲ ಕೇಳಿ, ಮೊಬೈಲು ಕೆಳಗಿಟ್ಟು, ಅವತ್ತಿನಿಂದಲೇ ಶುರು ಮಾಡಿದ.

ಅಡ್ಡ ಬಂದದ್ದು ಅವನ ತಾಯಿ ವೀರವ್ವನ ಕಣ್ಣು. ಎಡಗಣ್ಣೂ ಮಂಜಾಗಿದೆ, ಬಲಗಣ್ಣಿನ ಪೊರೆಯಂತೂ ಪೂರಾ ಬಲಿತಿದೆ, ಈ ತಿಂಗಳೊಳಗೆ ತೆಗೆಸದಿದ್ದರೆ ಮುಂದೆ ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮುದುಕಿ ಮಾತ್ರ ಹಟ ಹಿಡಿದಿದ್ದಳು.

"ನನ್ನ ಮಗ ಹೂಂ ಅನ್ಲಿ. ನಾಳೆನ ಹೊಕ್ಕೀನಿ."

"ನಾ ಹೇಳಾಕತ್ತೀನಲ್ರಿ ಅತ್ತಿ, ಸಾಲದೇನು?"

"ನೀ ಹೇಳಿದ್ದು ಖರೇನ ಐತಿ. ಆದ್ರ ಅವ ಹೇಳ್ಬೇಕು."

ಮಗ ತಾಯಿಯ ಕಾಲ ಬಳಿ ಕೂತು, ಅವಳ ಪಾದ ಒತ್ತುತ್ತ, "ಯವ್ವಾ, ಅದೊಂದು ನನ್ನ ಕೇಳಬ್ಯಾಡ" ಎನ್ನುತ್ತಿದ್ದ. ಹೀಗೆ ಎರಡು ವಾರ ಹೋದವು.

ಹಿರೇಕೊಪ್ಪ ಅವರು ರೋಣಕ್ಕೆ ಬರುತ್ತಾರೆ ಎಂದು ತಿಳಿದ ದಿನ ಸುವರ್ಣಾ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಕಲ್ಯಾಣ ಮಂಟಪ ತುಂಬಿತ್ತು. ಹಿಂದಿನ ಸಾಲಿನಲ್ಲಿ ಕೂತ ಅವಳಿಗೆ ಕಂಡದ್ದು ಒಂದು ಬಿಳಿ ತಲೆ, ಒಂದು ಸುಕ್ಕಾದ ಅಂಗಿಯ ಬೆನ್ನು, ಅಷ್ಟೇ. ಬೈಯಲೆಂದೇ ಬಂದವಳು ಅರ್ಧ ತಾಸಿನಲ್ಲಿ ತಾನು ಬಂದ ಕಾರಣವನ್ನೇ ಮರೆತು ಕೇಳುತ್ತಿದ್ದಳು. ಚಪ್ಪಾಳೆಯ ಸದ್ದಿಗೆ ಎಚ್ಚರವಾದಂತಾಗಿ, ತನ್ನ ಮೇಲೆ ತನಗೇ ಸಿಟ್ಟು ಬಂತು.

ಕಾರ್ಯಕ್ರಮ ಮಾಡಿಸಿದ ವ್ಯಾಪಾರಿ ಮಹಾಲಿಂಗಪ್ಪನವರ ಮನೆಯಲ್ಲಿ ಊಟ. ಅವಳೂ ಜನರ ಹಿಂದೆ ಒಳಗೆ ಹೋದಳು. ಪಡಸಾಲೆಯಲ್ಲಿ ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟಿದ್ದರೆ, ತತ್ವಜ್ಞಾನಿಗಳು ತೂಗುಮಂಚದ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಂದೂವರೆ ತಾಸು ಕಳೆಯುವಷ್ಟರಲ್ಲಿ ಸಾಲು ಕರಗಿ, ಸುವರ್ಣಾ ಒಬ್ಬಳೇ ಉಳಿದಳು. ಅವರು ಕಣ್ಣು ಬಿಟ್ಟು, "ಊಟ ಆತೇನ ತಂಗಿ?" ಎಂದು ಕೇಳಿದರು.

"ನನ್ನ ಊಟ ಇರ್ಲಿ ಸರ. ನೀವು ಗಜೇಂದ್ರಗಡಕ್ಕ ಬಂದು ನಮ್ಮ ಮನಿಯವ್ರಿಗೆ ಒಂದ ಮಾತು ಹೇಳ್ಬೇಕ್ರಿ."

"ನಾ ಯಾರಿಗೂ ಹಿಂಗ ಮಾಡು, ಹಂಗ ಮಾಡು ಅಂತ ಹೇಳೂದಿಲ್ಲ."

"ಆಗಲೇ ಹೇಳೀರಿ. ಒಂದ ವರ್ಷ ನಿರ್ಧಾರ ಮಾಡಬ್ಯಾಡ್ರಿ ಅಂದ್ರಿ. ಅವರು ಏಳು ತಿಂಗಳಿಂದ ಮಾಡಿಲ್ಲ."

ಅವರು ತಟ್ಟನೆ ಎದ್ದು ಕೂತರು. ಮುಖದಲ್ಲಿ ಸಂತೋಷ. "ಏಳು ತಿಂಗಳು! ಖರೇನ? ಯಾವ ಮಗ್ಗಲಿಗೆ ಮಲಗ್ಬೇಕು ಅನ್ನೂದು ಹ್ಯಾಂಗ ಮಾಡ್ತಾರ? ಅಂಗಿ ಗುಂಡಿ ಮ್ಯಾಲಿಂದ ಹಾಕ್ತಾರೋ ಕೆಳಗಿಂದ್ಲೋ?"

ಸುವರ್ಣಾಳಿಗೆ ಕಣ್ಣಲ್ಲಿ ನೀರು ಬಂತು. ಬಂದದ್ದು ಅಳುವಲ್ಲ, ಸಿಟ್ಟು. "ಸರ, ನಮ್ಮ ಅತ್ತಿ ಕಣ್ಣು ಹೊಂಟೈತಿ. ನೀವು ಗುಂಡಿ ಕೇಳಾಕತ್ತೀರಿ. ನೀವು ಎಷ್ಟ ದಿನ ಮಾಡೀರಿ ಅದನ್ನ?"

"ಏನವಾ, ದೊಡ್ಡವರ ಮುಂದ ಹಿಂಗ ಮಾತಾಡ್ತಾರೇನು?" ಎಂದು ಮಹಾಲಿಂಗಪ್ಪನವರು ಒಳಗಿನಿಂದ ಧಾವಿಸಿ ಬಂದರು. ಹಿರೇಕೊಪ್ಪ ಕೈ ಎತ್ತಿ ಅವರನ್ನು ತಡೆದರು.

"ಒಂಬತ್ತು ದಿನ," ಎಂದರು ಅವರು. "ಹತ್ತನೇ ದಿನ ಹಗ್ಗದ ಮ್ಯಾಲ ಎರಡು ಅಂಗಿ ಒಣಗಿದ್ದುವು. ಯಾವುದು ಹಾಕ್ಕೋಬೇಕು ತಿಳೀಲಿಲ್ಲ. ಅಳು ಬಂತು. ಬಿಟ್ಟುಬಿಟ್ಟೆ."

"ಬಿಟ್ಟದ್ದನ್ನ ಯಾಕ ಹೇಳಲಿಲ್ರಿ?"

"ಯಾರೂ ಕೇಳಲಿಲ್ಲ."

ಮಹಾಲಿಂಗಪ್ಪನವರು ಕಾರು ತರಿಸುತ್ತೇನೆಂದರು. ಹಿರೇಕೊಪ್ಪ ಒಲ್ಲೆ ಎಂದು ಸುವರ್ಣಾಳ ಜೊತೆ ಬಸ್ಸು ಹತ್ತಿದರು. ಅವಳ ಎದೆ ಹಗುರಾಯಿತು. ಆದರೆ ದಾರಿ ನಡುವಿನ ಊರು ಸೂಡಿಯಲ್ಲಿ ಬಸ್ಸು ನಿಂತಾಗ, ಒಂದು ಮಾತೂ ಹೇಳದೆ ಅವರು ಇಳಿದು ನಡೆದೇಬಿಟ್ಟರು! ಸುವರ್ಣಾ ಕೂಗುತ್ತ, ಚೀಲ ಹಿಡಿದು, ಹೊರಟ ಬಸ್ಸಿನಿಂದ ಹಾರಿಕೊಂಡಂತೆ ಇಳಿದಳು. ಹುಡುಕಿಕೊಂಡು ಹೋದರೆ ಅವರು ಊರಿನ ಹಳೆಯ ಕಲ್ಲಿನ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದರು.

"ಮುಂದಿನ ಬಸ್ಸು ಒಂದ ತಾಸಿಗೈತ್ರಿ," ಎಂದಳು ಹಲ್ಲು ಕಚ್ಚಿ.

"ಚಲೋ ಆತು. ಕೂಡು. ನಿಮ್ಮ ಮನಿಯವರು ನನ್ನ ಮಾತು ಯಾಕ ಇಷ್ಟ ಗಟ್ಟಿ ಹಿಡಕೊಂಡ್ರು, ಅದನ್ನ ಹೇಳು. ಬಸ್ಸಿನ್ಯಾಗ ಕೇಳಿಸ್ತಿರಲಿಲ್ಲ."

ಹೇಳಬಾರದು ಎಂದುಕೊಂಡರೂ ಹೇಳಿದಳು. ಅವಳು ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ. "ಮಾವನವರು ಎದಿ ಹಿಡೀತು ಅಂದ್ರು. ಇವರು ಹೊಟ್ಟಿ ಉಬ್ಬರ ಅಂತ ತಿಳದು ಸೋಡಾ ತಂದು ಕುಡಿಸಿದ್ರು. ಸೀರಿ ಕೊಟ್ಟು ಬರ್ತೀನಿ, ಆಮ್ಯಾಲ ದವಾಖಾನಿಗೆ ಹೋಗೂಣು ಅಂತ ಪ್ಯಾಟಿಗೆ ಹೋದ್ರು. ಬರೂದ್ರಾಗ ಎಲ್ಲಾ ಮುಗದಿತ್ರಿ. ಯಾರೂ ಅವರಿಗೆ ಒಂದ ಮಾತು ಅಂದಿಲ್ಲ. ಅತ್ತಿನೂ ಅಂದಿಲ್ಲ."

ಕೆಳಗೆ ನೀರಿನಲ್ಲಿ ಆಮೆಯೊಂದು ತಲೆ ಎತ್ತಿ ಮುಳುಗಿತು. ಹಿರೇಕೊಪ್ಪ ಅದನ್ನು ನೋಡಿದರೋ ಇಲ್ಲವೋ.

"ನಲವತ್ತ ವರ್ಷ ಮಾತಾಡೀನಿ ತಂಗಿ," ಎಂದರು ಕೊನೆಗೆ. "ಕೇಳಿದವರ ಮನ್ಯಾಗ ಏನ ಆತು ಅಂತ ಒಮ್ಮೆನೂ ನೋಡಾಕ ಹೋಗಿಲ್ಲ. ಅದು ಚಂದದ ಮಾತಾಗಿತ್ತು. ಚಂದ ಐತಿ ಅಂತ ಹೇಳಿದ್ದೆ."

ಬಸ್ಸು ಬಂದಾಗ ಅವರೇ ಮೊದಲು ಹತ್ತಿದರು.

ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿರುವಾಗ ಇಬ್ಬರೂ ಮನೆ ಮುಟ್ಟಿದರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಅರುಣಕುಮಾರ ತಲೆ ಎತ್ತಿದ. ಬಾಗಿಲಲ್ಲಿ ನಿಂತವರನ್ನು ಗುರುತಿಸಲು ಅವನಿಗೆ ಹೊತ್ತು ಹಿಡಿಯಿತು. ಬೆನ್ನನ್ನೇ ನೋಡಿ ಗೊತ್ತಿದ್ದವರ ಮುಖ ಅದು. ಗುರುತು ಸಿಕ್ಕೊಡನೆ ಎದ್ದು ಬಂದು ಅವರ ಕಾಲು ಮುಟ್ಟಿದ. ಗೋಡೆಗೊರಗಿ ಕೂತಿದ್ದ ವೀರವ್ವ, "ಯಾರ ಬಂದಾರ?" ಎಂದು ಕೇಳಿದಳು.

ಹಿರೇಕೊಪ್ಪ ನೆಲದ ಮೇಲೆ ಕೂತರು. "ಅರುಣಕುಮಾರ, ನಾ ಒಂಬತ್ತು ದಿನಕ್ಕ ಬಿಟ್ಟೀನಿ. ಅದು ಆಗೂ ಕೆಲಸ ಅಲ್ಲ. ನೀವೂ ಬಿಡ್ರಿ."

"ಏನಂದ್ರಿ?"

"ನಾ ಹೇಳಿದ್ದು ತಪ್ಪು."

ಅರುಣಕುಮಾರನ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವನು ದನಿ ಏರಿಸಿದ್ದನ್ನು ಸುವರ್ಣಾ ಕೇಳಿರಲಿಲ್ಲ. "ಏಳು ತಿಂಗಳ್ರಿ! ಓಣಿ ತುಂಬ ನನ್ನ ಹುಚ್ಚ ಅಂದ್ರು. ನನ್ನ ಹೇಂತಿ ಒಬ್ಬಾಕಿನ ಎಲ್ಲಾ ಹೊತ್ತಾಳ. ನೀವು ಒಂಬತ್ತು ದಿನಕ್ಕ ಬಿಟ್ಟು, ಬಾಯಿ ಮುಚ್ಚಿಕೊಂಡು ಕೂತಿದ್ರೇನು? ಏಳ್ರಿ. ನಮ್ಮ ಮನಿಯಿಂದ ಹೊರಗ ನಡೀರಿ!"

ಹಿರೇಕೊಪ್ಪ ತಕ್ಷಣ ಎದ್ದರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಸುಮ್ಮನೆ ಓಣಿಗಿಳಿದರು.

ಗೋಡೆಯ ಕಡೆಯಿಂದ ವೀರವ್ವನ ದನಿ ಬಂತು. "ಅರುಣಾ, ಅವರಿಗೆ ನಡೀರಿ ಅಂದಿ. ನನಗೂ ಒಂದ ಮಾತು ಹೇಳಪಾ."

ಅರುಣಕುಮಾರ ನಿಂತಲ್ಲೇ ನಿಂತ. "ಯವ್ವಾ, ನಾ ಹೂಂ ಅಂದು, ಕಣ್ಣಿಗೆ ಏನರ ಆದ್ರ?"

"ಆದ್ರ ಆತು. ಇನ್ನೊಂದ ಕಣ್ಣೈತಿ."

"ಅಪ್ಪಾಗ ಹಂಗ ಮಾಡಿದೆ..."

"ನಿಮ್ಮಪ್ಪನೂ ಹೊಟ್ಟಿ ಉಬ್ಬರ ಅಂತನ ಅಂದಿದ್ದ. ನಾನೂ ಹಂಗ ತಿಳಕೊಂಡಿದ್ದೆ. ಮೂರೂ ಮಂದಿ ತಪ್ಪಿದ್ವಿ." ಮುದುಕಿ ಕೈ ಚಾಚಿ ಗಾಳಿಯಲ್ಲಿ ಅವನನ್ನು ಹುಡುಕಿದಳು. "ನಿನಗ ಎಲ್ಲಾ ತಿಳೀತೈತಿ ಅಂತ ನಾ ಕೇಳಾಕತ್ತಿಲ್ಲ. ನನಗ ಅಂಜಿಕಿ ಆಗೇತಿ. ನೀ ಸಂಗಾಟ ಬಾ ಅಂತ ಕೇಳಾಕತ್ತೀನಿ."

ಅವನು ಹೋಗಿ ಆ ಕೈ ಹಿಡಿದುಕೊಂಡ. ತುಂಬ ಹೊತ್ತು ಅತ್ತ. ತಂದೆ ಸತ್ತ ದಿನವೂ ಅತ್ತಿರಲಿಲ್ಲ ಅವನು. ಆಮೇಲೆ ಮೂಗು ಒರೆಸಿಕೊಂಡು, "ಸೋಮವಾರ ಹೋಗೂಣು" ಎಂದ. ಸುವರ್ಣಾ ಅಡಿಗೆ ಮನೆಗೆ ಹೋಗಿ, ಗೋಡೆಗೆ ಹಣೆ ಒತ್ತಿ ನಿಂತು, ಏಳು ತಿಂಗಳ ಉಸಿರನ್ನು ಒಮ್ಮೆಲೇ ಬಿಟ್ಟಳು.

ಹೊರಗೆ ಬಂದು ನೋಡಿದರೆ ಹಿರೇಕೊಪ್ಪ ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಅವಳು ಚಹಾ ಒಯ್ದು ಕೊಟ್ಟಳು.

"ಸೋಮವಾರ ಹೊಂಟಾರ್ರಿ."

"ಚಲೋ ಬೈದ್ರು," ಎಂದರು ಅವರು, ಚಹಾ ಊದಿಕೊಳ್ಳುತ್ತ. "ಇಪ್ಪತ್ತ ವರ್ಷಾತು ನನಗ ಯಾರೂ ಬೈದಿಲ್ಲ. ಎಲ್ಲಾರೂ ಹೂಂ ಹೂಂ ಅಂತಾರ." ಖಾಲಿಯಾದ ಕಪ್ಪು-ಬಸಿಯನ್ನು ಅವಳ ಕೈಗಿಟ್ಟು, ಬಸ್‌ಸ್ಟ್ಯಾಂಡಿನ ದಾರಿ ಕೇಳಿ, ಅವಳು ತೋರಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ನಡೆದುಹೋದರು.

ತಿಂಗಳಾದ ಮೇಲೆ ಆ ಸಂಗತಿ ಅವರ ಹೊಸ ಭಾಷಣದಲ್ಲಿ ಬಂತು. ಸೂಡಿಯ ಹೊಂಡದ ಆಮೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅರುಣಕುಮಾರನ ಬಗ್ಗೆ 'ಒಬ್ಬ ನೇಕಾರ' ಎಂದು ಒಂದೇ ಮಾತು. ಬೈಸಿಕೊಂಡದ್ದು ಅದರಲ್ಲಿ ಇರಲಿಲ್ಲ. ಸುವರ್ಣಾಳಿಗೆ ಉರಿದುಹೋಯಿತು. ಅರುಣಕುಮಾರ ಮಾತ್ರ ಪೂರ್ತಿ ಕೇಳಿ, "ಮಾತು ಚಲೋ ಆಡ್ತಾರ. ಮಾಡೂದು ಬಿಡೂದು ನಮಗ ಬಿಟ್ಟದ್ದು" ಎಂದು ಮೊಬೈಲು ಮುಚ್ಚಿದ.

ಅಷ್ಟರಲ್ಲಿ ಆಪರೇಷನ್ ಸುಸೂತ್ರವಾಗಿ ಮುಗಿದಿತ್ತು. ಪಟ್ಟಿ ಬಿಚ್ಚಿಸಿಕೊಂಡು ಊರಿಗೆ ಮರಳುತ್ತಿದ್ದ ಮಧ್ಯಾಹ್ನ, ಬಸ್ಸಿನಲ್ಲಿ ವೀರವ್ವ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಕಂಡದ್ದನ್ನೆಲ್ಲ ಮಗನಿಗೆ ಹೇಳುತ್ತಿದ್ದಳು: ಅದು ಹೆಸರಿನ ಬೆಳೆ, ಅದು ಹೊಸ ಬೋರ್ಡು, ಅಲ್ಲಿ ಕರಿ ಎತ್ತು. ಹಿಂದಿನ ಸೀಟಿನಲ್ಲಿ ಸುವರ್ಣಾಳಿಗೆ ಕಣ್ಣು ಎಳೆಯುತ್ತಿತ್ತು.

"ಇಲ್ಲೇ ಇಳಿದು ಆಟೋ ಹಿಡಿಯೂಣು," ಎಂದ ಅರುಣಕುಮಾರ.

"ಬ್ಯಾಡ, ಸ್ಟ್ಯಾಂಡಿಗೇ ಹೋಗೂಣು. ಅಲ್ಲಿಂದ ಸಮೀಪ."

"ಬಿಸಿಲೈತಿ ಯವ್ವಾ, ಇಲ್ಲೇ ಇಳೀಬೇಕು ನೋಡು."

"ನಿನಗೇನ ತಿಳೀತೈತಿ?"

ಇಬ್ಬರೂ ಜಗಳಕ್ಕೆ ನಿಂತರು. ಸುವರ್ಣಾಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಎಲ್ಲಾದರೂ ಇಳಿಯಲಿ ಎಂದು ನಿದ್ದೆ ಹೋದಳು.