ಹಸಿವು ಮರೆತ ಮಗು

ಮನೆಗೆ ಬೀಗ ಬಿದ್ದಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮುಗಿಸಿ, ಮಗುವಿಗೆ ಹಾಲೂಡಿಸಲು ಓಡೋಡಿ ಬಂದವಳು ಕಿಟಕಿಯತ್ತ ನೋಡಿದಳು. ಈ ಹೊತ್ತಿಗೆ ಬಟಾಣಿ ಕಿಟಕಿಯ ಸರಳು ಹಿಡಿದು ನಿಂತಿರಬೇಕಿತ್ತು. ಒಂದೂವರೆ ವರ್ಷವಾದರೂ ಮಗಳು ಚೋಟುದ್ದ ಇದ್ದಾಳೆಂದು ಅಪ್ಪ ಇಟ್ಟ ಹೆಸರದು. ಆ ಅಪ್ಪ ಲಾರಿ ಹತ್ತಿ ದೂರದೂರಿಗೆ ಹೋಗಿದ್ದ.

ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆಗೆ ಫೋನ್ ಮಾಡಿದಳು.

"ಮಗಳ ಮನೇಲಿದ್ದೀನಿ ಕಣೆ. ಮಗೂನ ಕರ್ಕೊಂಡು ಬಂದೆ. ನೀನು ಹತ್ರ ಇದ್ರೆ ಅದು ಹಾಲು ಬಿಡಲ್ಲ, ಹಾಲು ಬಿಡದೆ ಅನ್ನ ಮುಟ್ಟಲ್ಲ. ಹೊಟ್ಟೆ ಚುರುಗುಟ್ಟಿದ್ರೆ ತಾನಾಗೇ ತಿನ್ನುತ್ತೆ. ನಾನು ಹೇಳೋವರೆಗೂ ಈ ಕಡೆ ತಲೆ ಹಾಕ್ಬೇಡ."

"ಒಂದು ಮಾತು ನನ್ನ ಕೇಳ್ಬಾರದಿತ್ತಾ ಅತ್ತೆ?"

"ಕೇಳಿದ್ರೆ ಕಳಿಸ್ತಿದ್ಯಾ?"

ಅವಳು ಫೋನ್ ಇಟ್ಟಳು. ಮಗುವಿನ ತೂಕ ನೋಡುವ ತಕ್ಕಡಿಯ ಮುಳ್ಳು ತಿಂಗಳುಗಟ್ಟಲೆ ಇದ್ದಲ್ಲೇ ಇತ್ತು. ಬಟಾಣಿ ಹೊತ್ತುಗೊತ್ತಿಲ್ಲದೆ ಎದೆಗೆ ಅಂಟಿಕೊಂಡಿರುತ್ತಿದ್ದಳು. ತಟ್ಟೆ ಕಂಡರೆ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು. ನಿನ್ನ ಹಾಲೇ ಅವಳ ಹಸಿವನ್ನ ತಿಂತಿದೆ ಎಂದು ಅತ್ತೆ ಆಡುತ್ತಿದ್ದ ಮಾತು ಅವಳೊಳಗೂ ಮುಳ್ಳಿನಂತೆ ಕೂತಿತ್ತು. ನಿಜವೇ ಇದ್ದರೆ? ಹಲ್ಲು ಕಚ್ಚಿಕೊಂಡು ಬೀಗ ತೆಗೆದು ಒಳಗೆ ಹೋಗಿ ಮಲಗಿದಳು.

ಮರುದಿನ ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಕೆಲಸದಲ್ಲಿ ಗಾಜು ಕೈಜಾರಿ ಒಡೆಯಿತು. ಮಧ್ಯಾಹ್ನ ಫೋನಿನಲ್ಲಿ ಮಗಳ ಅಳು ಕೇಳಿಸಿದ್ದೇ ತಡ, ಹಾಲು ಸೋರಿ ಅಂಗಿ ಒದ್ದೆಯಾಯಿತು. ಸಂಜೆ ಮತ್ತೆ ಫೋನ್ ಮಾಡಿದರೆ ಅಳುವೇ ಇಲ್ಲ.

"ಅಳು ನಿಲ್ಸಿದ್ಲು, ದಾರಿಗೆ ಬಂದ್ಲು," ಎಂದರು ಅತ್ತೆ. ದನಿಯಲ್ಲಿ ನಿನ್ನೆಯ ಗತ್ತಿರಲಿಲ್ಲ.

"ಏನಾದ್ರೂ ತಿಂದ್ಲಾ?"

"ಇಲ್ಲ ಕಣೆ."

"ನೀರಾದ್ರೂ?"

"ಬಾಯಿಗಿಟ್ರೆ ಉಗೀತಾಳೆ ಕಣೆ..."

ಫೋನ್ ಇಟ್ಟವಳೇ ಬಾಡಿಗೆ ಕಾರು ಹತ್ತಿದಳು. ನಾದಿನಿಯ ಮನೆ ಮುಟ್ಟಿದಾಗ ಬಟಾಣಿ ಅಜ್ಜಿಯ ತೊಡೆಯ ಮೇಲೆ ಹಿಂಡಿದ ಬಟ್ಟೆಯಂತೆ ಬಿದ್ದಿದ್ದಳು, ತುಟಿ ಒಣಗಿ ಬಿರಿದಿತ್ತು. ಅವಳು ಎತ್ತಿಕೊಂಡು ಎದೆಗಿಟ್ಟಳು. ಮಗು ತುಟಿ ತಾಗಿಸಿತು, ಅಷ್ಟೆ. ಚೀಪಲು ಕಸುವಿರಲಿಲ್ಲ.

"ಆಸ್ಪತ್ರೆಗೆ ನಡೀರಿ," ಎಂದಳು.

ಅಲ್ಲಿ ಪುಟ್ಟ ಕೈಗೆ ಡ್ರಿಪ್ ಚುಚ್ಚಿದರು, ರಕ್ತ ಪರೀಕ್ಷೆ ಮಾಡಿಸಿದರು. ವರದಿ ನೋಡಿದ ಡಾಕ್ಟರಮ್ಮ ಇಬ್ಬರನ್ನೂ ಕರೆದರು.

"ಮೈಯಲ್ಲಿ ನೀರು ಕಮ್ಮಿಯಾಗಿತ್ತು, ಅದು ಸರಿಹೋಗುತ್ತೆ. ಆದ್ರೆ ರಕ್ತದಲ್ಲಿ ಕಬ್ಬಿಣದಂಶ ತಳ ಮುಟ್ಟಿದೆ. ಅದು ಕಮ್ಮಿಯಾದ್ರೆ ಹಸಿವೂ ಸತ್ತುಹೋಗುತ್ತೆ."

"ಹಾಗಾದ್ರೆ ಹಾಲೇ ಕಾರಣ ಅಲ್ವಾ?" ಅತ್ತೆ ಬಿಡಲಿಲ್ಲ.

"ಹಾಲು ಕೆಟ್ಟದ್ದಲ್ಲಮ್ಮ. ಈ ವಯಸ್ಸಿಗೆ ಅದೊಂದೇ ಸಾಲಲ್ಲ. ಹಸಿವಿಲ್ಲ ಅಂತ ಊಟ ಬಿಡ್ತಾಳೆ, ಊಟ ಬಿಟ್ಟಷ್ಟೂ ರಕ್ತ ಇನ್ನೂ ಕಮ್ಮಿಯಾಗುತ್ತೆ. ಔಷಧಿ ಬರೀತೀನಿ. ಮೊದಲು ಊಟ, ಆಮೇಲೆ ಹಾಲು. ತಾಯಿಯಿಂದ ಹೀಗೆ ಕಿತ್ಕೊಂಡು ಮಾತ್ರ ಹೋಗ್ಬೇಡಿ."

ಹೊರಗೆ ಬೆಂಚಿನ ಮೇಲೆ ಅತ್ತೆ ಕುಸಿದು ಕೂತರು. "ಮೂಳೆ ಎಣಿಸೋ ಹಾಗಾಗಿದ್ಲು. ನೋಡೋಕಾಗ್ಲಿಲ್ಲ ಕಣೆ."

"ನಂಗೂ ಆಗ್ತಿರ್ಲಿಲ್ಲ ಅತ್ತೆ. ನಿಮ್ಮ ಮಾತು ನಿಜ ಇರಬಹುದು ಅಂತ್ಲೇ ತಡ ಮಾಡ್ದೆ. ಇನ್ನೊಂದ್ಸಲ ಹೇಳದೆ ಎತ್ಕೊಂಡು ಹೋದ್ರೆ ಮಾತ್ರ ನಾನು ಸುಮ್ನಿರಲ್ಲ."

ಅತ್ತೆ ತಲೆಯಾಡಿಸಿದರು. ಬೆಳಗಾಗುತ್ತಲೇ ಬಟಾಣಿ ವಾರ್ಡೇ ಹಾರಿಹೋಗುವಂತೆ ಕಿರುಚಿ ಹಾಲು ಕೇಳಿದಳು.

ಔಷಧಿ ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ಮೊಟ್ಟೆ ತಿನ್ನುತ್ತಿದ್ದಾಗ ಬಟಾಣಿ ತಟ್ಟೆಗೇ ಕೈಹಾಕಿ ಬಾಯಿಗೆ ತುರುಕಿಕೊಂಡಳು. ಮೂಗಿನ ತುದಿಗೂ ಹಳದಿ ಮೆತ್ತಿತು.

"ನೋಡ್ಬೇಡ ಕಣೆ, ನೋಡಿದ್ರೆ ನಿಲ್ಲಿಸ್ತಾಳೆ," ಅತ್ತೆ ಪಿಸುಗುಟ್ಟಿದರು. ಇಬ್ಬರೂ ಉಸಿರು ಬಿಗಿಹಿಡಿದು ಗೋಡೆ ನೋಡುತ್ತಾ ಕೂತರು.

ಆಮೇಲೆ ಬಟಾಣಿ ಅಮ್ಮನ ತೊಡೆ ಹತ್ತಿದಳು, ನಾಲ್ಕು ಗುಟುಕು ಕುಡಿದಳು, ಜಾರಿ ಇಳಿದು ಮತ್ತೆ ತಟ್ಟೆಯ ಕಡೆ ನಡೆದಳು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಅಮ್ಮನಿಗೆ ನಗು ಬಂತು, ಯಾಕೋ ಆ ತಟ್ಟೆಯ ಮೇಲೆ ಒಂಚೂರು ಹೊಟ್ಟೆಕಿಚ್ಚೂ ಆಯಿತು.